ನಿಪಾ ಮತ್ತು ಅದರ ಬಳಗ: ಬಾವಲಿ ವೈರಸ್‌ಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮೂರ ಕೆರೆ ಏರಿ ಹತ್ತಿರ ಒಂದು ಹಳೇ ಗೋಣಿ ಮರ ಇದೆ. ಹಗಲೆಲ್ಲ ಅದರ ತುಂಬ ಬಾವಲಿಗಳು ತಲೆಕೆಳಗಾಗಿ ಜೋತು ಬಿದ್ದಿರುತ್ತವೆ. ಕೇರಳದಲ್ಲಿ ನಿಪಾ ಬಂತು ಅನ್ನೋ ಸುದ್ದಿ ಬಂದರೆ ಸಾಕು, ಆ ವಾರವೇ ಯಾರಾದರೂ ಸಿಕ್ಕಿ "ಆ ಮರ ಕಡಿಸಿಬಿಡೋಣ್ವಾ?" ಅಂತ ಕೇಳುತ್ತಾರೆ. ಫೋನಿನಲ್ಲಿ ಬರುವ ಪ್ರಶ್ನೆಗಳೂ ಹೆಚ್ಚು ಕಡಿಮೆ ಅವೇ. ಹಾಗೆ ಕೇಳಿದವರಿಗೆಲ್ಲ ಹೇಳುತ್ತ ಬಂದಿದ್ದನ್ನು ಇಲ್ಲಿ ಒಂದೇ ಕಡೆ ಬರೆದಿಟ್ಟಿದ್ದೇನೆ. ಮೈ ಬಿಸಿಯಾಗಿ ಭಯ ಹುಟ್ಟಿದವರು ಮಾತ್ರ ಇದನ್ನು ಓದುತ್ತ ಕೂರಬೇಡಿ. ಮೊದಲು ಡಾಕ್ಟರ್ ಹತ್ತಿರ ಹೋಗಿ.

ನಿಪಾ ಅಂದ್ರೆ ಒಂದೇ ವೈರಸ್ ಅಲ್ವಾ? ಬಳಗ ಎಲ್ಲಿಂದ ಬಂತು?

ನಿಪಾ ಒಂದೇ ವೈರಸ್. ಆದರೆ ಅದಕ್ಕೆ ಅಣ್ಣ, ತಮ್ಮ, ದಾಯಾದಿಗಳು ಇದ್ದಾರೆ. ಈ ಗುಂಪಿಗೆ ಹೆನಿಪಾ ವೈರಸ್‌ಗಳು ಅಂತ ಹೆಸರು. ಹೆಂಡ್ರಾ ಮತ್ತು ನಿಪಾ, ಈ ಎರಡು ಹೆಸರು ಸೇರಿಸಿ ಹೆನಿಪಾ ಅಂತ ಮಾಡಿದ್ದಾರೆ. ಇನ್ನೂ ಮೇಲಕ್ಕೆ ಹೋದರೆ ದಡಾರ, ಮಂಗನಬಾವು ತರುವ ವೈರಸ್‌ಗಳೂ ಇದೇ ದೊಡ್ಡ ಮನೆತನದವು.

ಪತ್ರಿಕೆಗಳಲ್ಲಿ ನಿಫಾ ಅಂತಲೂ ಬರುತ್ತದೆ. ಎರಡೂ ಒಂದೇ. ಮಲೇಷ್ಯಾದ ಸುಂಗೈ ನಿಪಾ ಅನ್ನೋ ಹಳ್ಳಿಯಿಂದ ಬಂದ ಹೆಸರು ಅದು. ಸುಂಗೈ ಅಂದರೆ ಹೊಳೆ. ನಿಪಾ ಅಂದರೆ ಹೊಳೆ ಬದಿಯ ಕೆಸರಲ್ಲಿ ಬೆಳೆಯುವ ಒಂದು ಜಾತಿಯ ತಾಳೆ. ಎಷ್ಟು ಚಂದದ ಹೆಸರು. ಈಗ ಅದನ್ನು ಕೇಳಿದರೆ ಜನ ಬೆಚ್ಚುತ್ತಾರೆ ಅನ್ನೋದೇ ಬೇಜಾರು.

ಈ ಗುಂಪು ಮೊದಲು ಗೊತ್ತಾಗಿದ್ದು ಹೇಗೆ?

ಕುದುರೆಗಳಿಂದ. 1994ರ ಸೆಪ್ಟೆಂಬರ್. ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದಲ್ಲಿ ಹೆಂಡ್ರಾ ಅನ್ನೋ ಬಡಾವಣೆ ಇದೆ, ರೇಸ್ ಕುದುರೆಗಳ ಲಾಯಗಳಿರುವ ಜಾಗ. ಅಲ್ಲಿ ವಿಕ್ ರೇಲ್ ಅನ್ನೋ ತರಬೇತುದಾರ ಇದ್ದರು. ಹೊರಗೆ ಮೇಯುತ್ತಿದ್ದ ಗಬ್ಬದ ಕುದುರೆಯೊಂದಕ್ಕೆ ಹುಷಾರಿಲ್ಲ ಅಂತ ಅದನ್ನು ತಮ್ಮ ಲಾಯಕ್ಕೆ ತಂದರು. ಮೇವು ತಿನ್ನದ ಕುದುರೆಗೆ ಕೈಯಿಂದ ತಿನ್ನಿಸಲು ನೋಡಿದರು. ಕುದುರೆ ಎರಡು ದಿನದಲ್ಲಿ ಸತ್ತಿತು. ಆಮೇಲೆ ಲಾಯದ ಉಳಿದ ಕುದುರೆಗಳು ಒಂದೊಂದೇ ಬಿದ್ದವು, ಹತ್ತಕ್ಕೂ ಹೆಚ್ಚು ಸತ್ತವು. ಕುದುರೆಯನ್ನು ನೋಡಿಕೊಂಡಿದ್ದ ರೇಲ್ ಮತ್ತು ಒಬ್ಬ ಕೆಲಸಗಾರನಿಗೂ ಜ್ವರ ಬಂತು. ಕೆಲಸಗಾರ ಉಳಿದರು, ರೇಲ್ ಉಳಿಯಲಿಲ್ಲ.

ಇದು ಬಾವಲಿಯದ್ದು ಅಂತ ಆಗ ಯಾರಿಗೂ ಹೊಳೆದಿರಲಿಲ್ಲ. ಎರಡು ವರ್ಷ ಹುಡುಕಿದ ಮೇಲೆ ಅಲ್ಲಿನ ದೊಡ್ಡ ಹಣ್ಣುಬಾವಲಿಗಳಲ್ಲಿ ಅದರ ಗುರುತು ಸಿಕ್ಕಿತು. ಮರದ ಮೇಲೆ ಬಾವಲಿ, ಮರದ ಕೆಳಗೆ ನೆರಳಿಗೆ ನಿಂತ ಕುದುರೆ. ಬಾವಲಿಯ ಮೂತ್ರ ಬಿದ್ದ ಹುಲ್ಲನ್ನು ಕುದುರೆ ಮೇಯುತ್ತದೆ. ಇಷ್ಟೇ ದಾರಿ.

ಇದುವರೆಗೆ ಹೆಂಡ್ರಾ ಬಂದಿರುವುದು 7 ಜನರಿಗೆ. ಅವರಲ್ಲಿ 4 ಜನ ತೀರಿಕೊಂಡರು. ಏಳೂ ಜನಕ್ಕೆ ಬಂದಿದ್ದು ಕುದುರೆಯಿಂದಲೇ. ಗಾಯಗೊಂಡ ಬಾವಲಿಗಳನ್ನು ಮನೆಯಲ್ಲಿಟ್ಟು ಸಾಕಿ ಬಿಡುವ ಎಷ್ಟೋ ಜನ ಆಸ್ಟ್ರೇಲಿಯಾದಲ್ಲಿದ್ದಾರೆ. ಅವರಲ್ಲಿ ಒಬ್ಬರಿಗೂ ನೇರವಾಗಿ ಬಾವಲಿಯಿಂದ ಹೆಂಡ್ರಾ ಬಂದಿದ್ದು ಕಂಡಿಲ್ಲ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮಲೇಷ್ಯಾದಲ್ಲಿ ಇದನ್ನು ಸೊಳ್ಳೆ ರೋಗ ಅಂದುಕೊಂಡಿದ್ದರಂತೆ, ನಿಜವಾ?

ನಿಜ. ಆ ತಪ್ಪಿನಿಂದ ಹೋದ ಜೀವಗಳನ್ನು ನೆನೆದರೆ ಈಗಲೂ ಸಂಕಟ ಆಗುತ್ತದೆ. 1998ರ ಸೆಪ್ಟೆಂಬರ್ ಹೊತ್ತಿಗೆ ಇಪೋ ನಗರದ ಸುತ್ತ ಹಂದಿ ಸಾಕುವವರಿಗೆ ಜ್ವರ, ತಲೆನೋವು, ಆಮೇಲೆ ಮಂಪರು ಬರತೊಡಗಿತು. ಹಂದಿ ಮತ್ತು ಮೆದುಳು ಜ್ವರ ಒಟ್ಟಿಗೆ ಕಂಡರೆ ಜಪಾನೀಸ್ ಎನ್‌ಸೆಫಲೈಟಿಸ್ ಅಂದುಕೊಳ್ಳುವುದು ಸಹಜ. ಅದು ಸೊಳ್ಳೆಯಿಂದ ಬರುವ ರೋಗ. ಹಾಗಾಗಿ ಹೊಗೆ ಹಾಕಿದರು, ಲಸಿಕೆ ಕೊಟ್ಟರು.

ಆದರೆ ಲೆಕ್ಕ ಕೂಡಿಬರಲಿಲ್ಲ. ಆ ಮೆದುಳು ಜ್ವರ ಜಾಸ್ತಿ ಕಾಡುವುದು ಮಕ್ಕಳನ್ನು. ಇಲ್ಲಿ ಬೀಳುತ್ತಿದ್ದವರು ದುಡಿಯುವ ಗಂಡಸರು, ಅದೂ ಹಂದಿ ಮುಟ್ಟುವವರು. ಲಸಿಕೆ ತೆಗೆದುಕೊಂಡವರೂ ಸಾಯುತ್ತಿದ್ದರು. ಹಂದಿಗಳಿಗೂ ಕೆಮ್ಮು ಬಂದಿತ್ತು, ದೂರದವರೆಗೆ ಕೇಳುವ ಬೊಗಳುವಂಥ ಕೆಮ್ಮು. ಹೆದರಿದ ರೈತರು ಹಂದಿಗಳನ್ನು ದಕ್ಷಿಣಕ್ಕೆ ಮಾರಿದರು. ಲಾರಿಯಲ್ಲಿ ಹಂದಿಯ ಜತೆ ರೋಗವೂ ಪ್ರಯಾಣ ಮಾಡಿತು.

1999ರ ಮಾರ್ಚ್‌ನಲ್ಲಿ ಮಲಯ ವಿಶ್ವವಿದ್ಯಾಲಯದ ಚುವಾ ಕಾವ್ ಬಿಂಗ್ ಅನ್ನೋ ವೈರಸ್ ತಜ್ಞರು ರೋಗಿಯ ಮಾದರಿಯಿಂದ ವೈರಸ್ ಬೆಳೆಸಿದರು. ನೋಡಿದರೆ ಇದು ಬೇರೆಯೇ. ಅಮೆರಿಕಕ್ಕೆ ಒಯ್ದು ಪರೀಕ್ಷಿಸಿದಾಗ ಹೆಂಡ್ರಾದ ಹತ್ತಿರದ ಸಂಬಂಧಿ ಅಂತ ತಿಳಿಯಿತು. ಅಷ್ಟು ಗೊತ್ತಾದ ಮೇಲೆ 10 ಲಕ್ಷಕ್ಕೂ ಹೆಚ್ಚು ಹಂದಿಗಳನ್ನು ಕೊಂದು ಹೂತರು, ರೋಗ ನಿಂತಿತು. ಅಷ್ಟರೊಳಗೆ ಮಲೇಷ್ಯಾದಲ್ಲಿ 265 ಜನರಿಗೆ ತಗುಲಿತ್ತು, 105 ಜನ ಸತ್ತಿದ್ದರು. ಸಿಂಗಾಪುರದ ಕಸಾಯಿಖಾನೆಯಲ್ಲಿ ಮಲೇಷ್ಯಾದ ಹಂದಿ ಕಡಿದ 11 ಜನರಿಗೂ ಬಂದು ಒಬ್ಬರು ಸತ್ತರು.

ಹಂದಿಗೆ ಎಲ್ಲಿಂದ ಬಂತು? ಫಾರಂನಲ್ಲಿ ಹಂದಿ ಗೂಡಿನ ಪಕ್ಕದಲ್ಲೇ ಮಾವಿನ ಮರ ಬೆಳೆಸಿದ್ದರು. ರಾತ್ರಿ ಬಾವಲಿ ಬಂದು ಮಾವು ಕಚ್ಚಿ ಕೆಳಗೆ ಬೀಳಿಸುತ್ತಿತ್ತು. ಹಂದಿ ತಿನ್ನುತ್ತಿತ್ತು. ಚುವಾ ಅವರು ಅಲ್ಲಿಗೇ ಬಿಡಲಿಲ್ಲ. ತಿಯೋಮಾನ್ ದ್ವೀಪಕ್ಕೆ ಹೋಗಿ ಬಾವಲಿ ಮರಗಳ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿದರು. ಅದರ ಮೇಲೆ ಬಿದ್ದ ಮೂತ್ರದ ಹನಿಗಳಿಂದ ಮತ್ತು ಅರ್ಧ ತಿಂದ ಹಣ್ಣಿನಿಂದ ನಿಪಾ ವೈರಸ್ಸನ್ನು ಹೊರತೆಗೆದರು. ಮದುವೆ ಮನೆಯಲ್ಲಿ ಹಾಸುವಂಥ ಹಾಳೆಯಿಂದ ಇಷ್ಟು ದೊಡ್ಡ ಗುಟ್ಟು ಹೊರಬಂತು ಅನ್ನೋದು ನನಗೆ ಬಹಳ ಇಷ್ಟವಾದ ಸಂಗತಿ.

ಬಾವಲಿಗೆ ಮಾತ್ರ ಏನೂ ಆಗೋದಿಲ್ವಾ?

ಹೆಚ್ಚು ಕಡಿಮೆ ಏನೂ ಆಗುವುದಿಲ್ಲ. ಈ ವೈರಸ್ ಮತ್ತು ಬಾವಲಿ ಬಹಳ ಕಾಲದಿಂದ ಒಟ್ಟಿಗೆ ಬಾಳಿಕೊಂಡು ಬಂದಿವೆ. ವೈರಸ್ ಬಂದರೆ ನಮ್ಮ ದೇಹ ಗಾಬರಿಯಿಂದ ಬೆಂಕಿ ಹಚ್ಚಿದ ಹಾಗೆ ಉರಿಯೂತ ಎಬ್ಬಿಸುತ್ತದೆ. ಎಷ್ಟೋ ಸಲ ಆ ಬೆಂಕಿಯೇ ನಮ್ಮನ್ನು ಸುಡುತ್ತದೆ. ಬಾವಲಿಯ ದೇಹ ವೈರಸ್ಸನ್ನು ಹದ್ದುಬಸ್ತಿನಲ್ಲಿ ಇಡುತ್ತದೆ, ಆದರೆ ಬೆಂಕಿ ದೊಡ್ಡದಾಗಲು ಬಿಡುವುದಿಲ್ಲ. ಹಾರುವುದು ಅಂದರೆ ದೇಹಕ್ಕೆ ವಿಪರೀತ ದುಡಿತ. ಆ ದುಡಿತ ತಾಳಿಕೊಳ್ಳಲು ಬೆಳೆದ ಗುಣವೇ ವೈರಸ್ ತಾಳಿಕೊಳ್ಳಲೂ ನೆರವಾಗಿದೆ ಅಂತ ಹಲವು ವಿಜ್ಞಾನಿಗಳು ಹೇಳುತ್ತಾರೆ.

ಇನ್ನೊಂದು ಮಾತು. ಎಲ್ಲ ಬಾವಲಿಯ ಮೈಯಲ್ಲೂ ಎಲ್ಲ ಕಾಲದಲ್ಲೂ ವೈರಸ್ ಇರುವುದಿಲ್ಲ. ಯಾವುದೋ ಒಂದು ಹೊತ್ತಿನಲ್ಲಿ ಕೆಲವು ಬಾವಲಿಗಳು ಮಾತ್ರ ಅದನ್ನು ಹೊರಹಾಕುತ್ತಿರುತ್ತವೆ.

ಒಂದೇ ವೈರಸ್ ಕುದುರೆಗೂ ಹಂದಿಗೂ ಮನುಷ್ಯನಿಗೂ ಹೇಗೆ ಹತ್ತುತ್ತದೆ?

ವೈರಸ್ ಜೀವಕೋಶದ ಒಳಗೆ ಹೋಗಲು ಬಾಗಿಲು ಬೇಕು. ನಿಪಾ, ಹೆಂಡ್ರಾ ಎರಡೂ ಹಿಡಿಯುವ ಚಿಲಕದ ಹೆಸರು ಎಫ್ರಿನ್-ಬಿ2. ಹಾಗೇ ಎಫ್ರಿನ್-ಬಿ3. ಮೊಲೆಯುಣ್ಣುವ ಪ್ರಾಣಿಗಳಲ್ಲಿ ಇದು ಹೆಚ್ಚು ಕಡಿಮೆ ಒಂದೇ ಥರ ಇರುತ್ತದೆ. ಹಾಗಾಗಿ ಒಂದೇ ಕೈಗೆ ಎಲ್ಲರ ಮನೆಯ ಚಿಲಕವೂ ಸಿಗುತ್ತದೆ. ಈ ಚಿಲಕ ಜಾಸ್ತಿ ಇರುವುದು ರಕ್ತನಾಳದ ಒಳಪದರದಲ್ಲಿ ಮತ್ತು ನರಕೋಶಗಳಲ್ಲಿ. ಅದಕ್ಕೇ ಈ ರೋಗ ಮೆದುಳಿಗೆ ಹೋಗುತ್ತದೆ.

ಬಳಗದ ಎಲ್ಲರೂ ಇಷ್ಟೇ ಅಪಾಯಕಾರಿಗಳಾ?

ಇಲ್ಲ. ಎಲ್ಲರೂ ಕೇಳಲಿ ಅಂತ ನಾನು ಕಾಯುವ ಪ್ರಶ್ನೆ ಇದು. ಆಸ್ಟ್ರೇಲಿಯಾದ ವಿಜ್ಞಾನಿಗಳು ಹೆಂಡ್ರಾ ಹುಡುಕುತ್ತ ಬಾವಲಿ ಮರದ ಕೆಳಗೆ ಮೂತ್ರ ಸಂಗ್ರಹಿಸುತ್ತಿದ್ದಾಗ ಹೊಸದೊಂದು ವೈರಸ್ ಸಿಕ್ಕಿತು. ಸೀಡರ್ ವೈರಸ್ ಅಂತ ಹೆಸರಿಟ್ಟು 2012ರಲ್ಲಿ ಪ್ರಕಟಿಸಿದರು. ಮೈಕಟ್ಟು ನೋಡಿದರೆ ಪಕ್ಕಾ ಹೆನಿಪಾ. ಚಿಲಕವೂ ಅದೇ ಎಫ್ರಿನ್. ಆದರೆ ಹೆಂಡ್ರಾ, ನಿಪಾ ಕೊಟ್ಟರೆ ಸಾಯುವ ಫೆರೆಟ್ ಅನ್ನೋ ಮುಂಗುಸಿಯಂಥ ಪ್ರಾಣಿಗಳಿಗೆ ಸೀಡರ್ ಕೊಟ್ಟಾಗ ಸೋಂಕು ತಗುಲಿತು, ಕಾಯಿಲೆ ಬರಲಿಲ್ಲ. ಗಿನಿಯಿಲಿಗಳೂ ಆರಾಮಾಗಿದ್ದವು.

ಯಾಕೆ ಹೀಗೆ? ಕಳ್ಳ ಬಂದರೆ ನಾಯಿ ಬೊಗಳುತ್ತದೆ, ಮನೆಯವರು ಏಳುತ್ತಾರೆ. ನಮ್ಮ ಜೀವಕೋಶದಲ್ಲೂ ಹಾಗೇ ಬೊಗಳುವ ನಾಯಿ ಇದೆ, ಇಂಟರ್‌ಫೆರಾನ್ ಅಂತ. ನಿಪಾ, ಹೆಂಡ್ರಾ ಒಳಗೆ ಬರುವಾಗ ನಾಯಿಗೆ ರೊಟ್ಟಿ ಹಾಕುತ್ತವೆ. ಆ ರೊಟ್ಟಿ ವಿ ಅನ್ನೋ ಪ್ರೋಟೀನ್, ಜತೆಗೆ ಡಬ್ಲ್ಯೂ ಅನ್ನೋ ಇನ್ನೊಂದು. ನಾಯಿ ಸುಮ್ನಾಗುತ್ತದೆ, ಮನೆ ದೋಚಿ ಹೋಗುತ್ತದೆ. ಸೀಡರ್ ವೈರಸ್‌ಗೆ ಈ ರೊಟ್ಟಿ ಮಾಡಲು ಬರುವುದಿಲ್ಲ. ಅದು ಬಾಗಿಲು ತೆಗೆದ ಕೂಡಲೇ ನಾಯಿ ಬೊಗಳುತ್ತದೆ.

ಇದರಿಂದ ಆದ ಉಪಕಾರ ದೊಡ್ಡದು. ನಿಪಾ ಮುಟ್ಟಬೇಕಾದರೆ ನಾಲ್ಕನೇ ಹಂತದ ಸುರಕ್ಷತೆಯ ಲ್ಯಾಬ್ ಬೇಕು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿ ಅಂಥದ್ದಿದೆ. ಒಳಗೆ ಹೋಗುವವರು ಗಾಳಿ ತುಂಬಿದ ಇಡೀ ಮೈ ಮುಚ್ಚುವ ಸೂಟು ಹಾಕಿಕೊಳ್ಳಬೇಕು. ಇಂಥ ಲ್ಯಾಬ್‌ಗಳು ಜಗತ್ತಿನಲ್ಲೇ ಕಡಿಮೆ. ಸೀಡರ್ ವೈರಸ್ಸನ್ನು ಎರಡನೇ ಹಂತದ ಸಾಧಾರಣ ಲ್ಯಾಬಿನಲ್ಲೇ ಇಟ್ಟುಕೊಳ್ಳಬಹುದು. ಅಪಾಯಕಾರಿ ಅಣ್ಣನ ಗುಟ್ಟನ್ನು ಸಾಧು ತಮ್ಮನ ಬಾಯಲ್ಲಿ ಕೇಳಿ ತಿಳಿದುಕೊಳ್ಳುವ ದಾರಿ ಇದು.

ಬೇರೆ ದಾಯಾದಿಗಳು ಯಾರ‍್ಯಾರು?

ಆಫ್ರಿಕದ ಘಾನಾದಲ್ಲಿ ಒಣಹುಲ್ಲಿನ ಬಣ್ಣದ ಹಣ್ಣುಬಾವಲಿಯಲ್ಲಿ ಘಾನಾ ವೈರಸ್ ಸಿಕ್ಕಿದೆ. ಮಡಗಾಸ್ಕರ್‌ನ ಬಾವಲಿಯಲ್ಲಿ ಅಂಗಾವೊಕೆಲಿ ಅನ್ನೋದು ಸಿಕ್ಕಿದೆ. ಚೀನಾದ ಯುನ್ನಾನ್‌ನ ಬಾವಲಿಗಳ ಮೂತ್ರಪಿಂಡದಲ್ಲಿ ಇನ್ನೆರಡು ಹೊಸವು ಕಂಡಿವೆ ಅಂತ 2025ರಲ್ಲಿ ವರದಿಯಾಯಿತು. ಇವುಗಳಿಂದ ಮನುಷ್ಯರಿಗೆ ರೋಗ ಬಂದಿದ್ದು ಕಂಡಿಲ್ಲ.

2022ರ ಆಗಸ್ಟ್‌ನಲ್ಲಿ ಟಿವಿಯಲ್ಲಿ ಗದ್ದಲ ಎಬ್ಬಿಸಿದ ಲಾಂಗ್ಯಾ ವೈರಸ್ ನೆನಪಿದೆಯಾ? ಅದು ಬಾವಲಿಯದ್ದಲ್ಲ, ಸುಂಡಿಲಿಯದ್ದು. ಚೀನಾದ ಶಾಂಡಾಂಗ್ ಮತ್ತು ಹೆನಾನ್ ಪ್ರಾಂತಗಳಲ್ಲಿ 35 ಜನರಲ್ಲಿ ಸಿಕ್ಕಿತ್ತು, ಹೆಚ್ಚಿನವರು ರೈತರು. ಯಾರೂ ಸಾಯಲಿಲ್ಲ. ಸುಂಡಿಲಿ, ಇಲಿಗಳಲ್ಲಿ ಸಿಕ್ಕ ಇಂಥವನ್ನು ಈಗ ಪಕ್ಕದ ಮನೆ ಅಂತ ಬೇರೆ ಗುಂಪಿಗೆ ಸೇರಿಸಿದ್ದಾರೆ.

ಬಾಂಗ್ಲಾದೇಶದಲ್ಲಿ ವರ್ಷಾ ವರ್ಷಾ ಬರುತ್ತದಲ್ಲ, ಅಲ್ಲಿ ಹಂದಿ ಸಾಕುವವರು ಕಡಿಮೆ ಅಲ್ವಾ?

ಅಲ್ಲಿ ದಾರಿ ಬೇರೆ. ಚಳಿಗಾಲದಲ್ಲಿ ಈಚಲ ಮರದ ತಲೆ ಕೆತ್ತಿ ಮಡಕೆ ಕಟ್ಟುತ್ತಾರೆ. ರಾತ್ರಿಯಿಡೀ ಸಿಹಿ ರಸ ತೊಟ್ಟಿಕ್ಕುತ್ತದೆ. ಬೆಳಗಿನ ಜಾವ ಇಳಿಸಿ, ತಂಪಾಗಿರುವಾಗಲೇ ಮನೆಮಂದಿಯೆಲ್ಲ ಕುಡಿಯುತ್ತಾರೆ. ನಮ್ಮ ನೀರಾ ಥರ. ಮರಕ್ಕೆ ಕತ್ತಲಲ್ಲೂ ಕಾಣುವ ಕ್ಯಾಮೆರಾ ಕಟ್ಟಿ ನೋಡಿದಾಗ ಬಾವಲಿಗಳು ಬಂದು ಕೆತ್ತಿದ ಜಾಗವನ್ನು ನೆಕ್ಕುವುದು, ಅಲ್ಲೇ ಮೂತ್ರ ಮಾಡುವುದು ಎಲ್ಲ ಕಂಡಿತು.

ಪರಿಹಾರವೂ ಅಲ್ಲಿನ ಹಳ್ಳಿಯಿಂದಲೇ ಬಂತು. ಕೆತ್ತಿದ ಜಾಗ ಮತ್ತು ಮಡಕೆ ಮುಚ್ಚುವ ಹಾಗೆ ಬಿದಿರಿನ ತಟ್ಟಿ ಕಟ್ಟುವುದು. ರಸ ಶುಚಿಯಾಗಿರಲಿ ಅಂತ ಕೆಲವರು ಮೊದಲಿನಿಂದಲೂ ಕಟ್ಟುತ್ತಿದ್ದರು. ಪರೀಕ್ಷಿಸಿದಾಗ ತಟ್ಟಿ ಇದ್ದ ಕಡೆ ಬಾವಲಿಗೆ ರಸ ಎಟುಕುತ್ತಿರಲಿಲ್ಲ. ರಸವನ್ನು ಕಾಯಿಸಿ ಬೆಲ್ಲ ಮಾಡಿದರಂತೂ ವೈರಸ್ ಉಳಿಯುವುದೇ ಇಲ್ಲ.

ಕೇರಳದ 2018ರ ಕಥೆ ಏನು?

ನಮಗೆ ಹತ್ತಿರದ ಕಥೆ ಇದು, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಭಾರತಕ್ಕೆ ನಿಪಾ ಅದಕ್ಕೂ ಮೊದಲೇ ಬಂದಿತ್ತು. 2001ರಲ್ಲಿ ಪಶ್ಚಿಮ ಬಂಗಾಳದ ಸಿಲಿಗುರಿಯಲ್ಲಿ, 2007ರಲ್ಲಿ ನಾದಿಯಾ ಜಿಲ್ಲೆಯಲ್ಲಿ. ಸಿಲಿಗುರಿಯಲ್ಲಿ 66 ಜನರಿಗೆ ಬಂದು 45 ಜನ ಸತ್ತರು. ಆ ಹೊತ್ತಿನಲ್ಲಿ ಇದು ನಿಪಾ ಅಂತ ಗೊತ್ತೇ ಆಗಲಿಲ್ಲ. ಉಳಿಸಿಟ್ಟ ಮಾದರಿಗಳನ್ನು ಆಮೇಲೆ ಪರೀಕ್ಷಿಸಿದಾಗ ತಿಳಿಯಿತು.

2018ರ ಮೇ ತಿಂಗಳು. ಕೋಳಿಕ್ಕೋಡ್ ಜಿಲ್ಲೆಯ ಪೇರಾಂಬ್ರ ಹತ್ತಿರದ ಒಂದು ಮನೆಯಲ್ಲಿ ಯುವಕನೊಬ್ಬ ಜ್ವರದಿಂದ ತೀರಿಕೊಂಡ. ಕೆಲವೇ ದಿನದಲ್ಲಿ ಅದೇ ಮನೆಯ ಇನ್ನೊಬ್ಬನಿಗೆ ಅದೇ ಲಕ್ಷಣ. ಒಂದೇ ಮನೆಯಲ್ಲಿ ಎರಡನೆಯದು ಅಂದ ಕೂಡಲೇ ಕೋಳಿಕ್ಕೋಡಿನ ವೈದ್ಯರು ಎಚ್ಚೆತ್ತರು. ಮಾದರಿ ಕಳಿಸಿದ್ದು ನಮ್ಮ ಮಣಿಪಾಲಕ್ಕೆ. ಅಲ್ಲಿನ ವೈರಸ್ ಸಂಶೋಧನಾ ಕೇಂದ್ರ ಇದು ನಿಪಾ ಅಂತ ಗುರುತಿಸಿತು, ಪುಣೆ ಅದನ್ನು ಖಚಿತಪಡಿಸಿತು. ಎರಡನೇ ರೋಗಿಗೇ ರೋಗದ ಹೆಸರು ಗೊತ್ತಾಗಿದ್ದು ಎಷ್ಟು ಜೀವ ಉಳಿಸಿತು ಅನ್ನೋದನ್ನು ಸಿಲಿಗುರಿ ಪಕ್ಕ ಇಟ್ಟು ನೋಡಿದರೆ ತಿಳಿಯುತ್ತದೆ.

ಆದರೂ ಒಟ್ಟು 23 ಜನರಿಗೆ ತಗುಲಿತ್ತು ಅಂತ ಲೆಕ್ಕ, ಅವರಲ್ಲಿ ಪರೀಕ್ಷೆಯಿಂದ ಖಚಿತವಾಗಿದ್ದು 18. ಬದುಕಿದ್ದು ಇಬ್ಬರೇ. ಬಾವಲಿಯಿಂದ ಬಂದಿದ್ದು ಬಹುಶಃ ಮೊದಲ ಒಬ್ಬನಿಗೆ ಮಾತ್ರ. ಉಳಿದವರಿಗೆಲ್ಲ ಹತ್ತಿದ್ದು ಮನುಷ್ಯರಿಂದ, ಅದರಲ್ಲೂ ಆಸ್ಪತ್ರೆಗಳಲ್ಲಿ. ಸ್ಕ್ಯಾನಿಂಗ್‌ಗೆ ಕಾಯುವ ಕಾರಿಡಾರ್ ನೆನಪು ಮಾಡಿಕೊಳ್ಳಿ. ಸ್ಟ್ರೆಚರ್ ಮೇಲೆ ಕೆಮ್ಮುತ್ತಿರುವ ರೋಗಿ, ಪಕ್ಕದ ಬೆಂಚಿನಲ್ಲಿ ಬೇರೆಯವರ ಮನೆಮಂದಿ. ಎಷ್ಟೋ ಜನರಿಗೆ ಹತ್ತಿದ್ದು ಅಂಥ ಒಂದು ಜಾಗದಲ್ಲೇ. ಆ ಮೊದಲ ರೋಗಿಯ ಆರೈಕೆ ಮಾಡಿದ ನರ್ಸ್ ಲಿನಿ ಪುದುಶ್ಶೇರಿ ಅದೇ ಮೇ 21ರಂದು ತೀರಿಕೊಂಡರು. ಇಬ್ಬರು ಚಿಕ್ಕ ಮಕ್ಕಳ ತಾಯಿ. ಬಾವಲಿಗೆ ಬೈಯುವವರು ಸಿಕ್ಕಾಗಲೆಲ್ಲ ನನಗೆ ಅವರ ನೆನಪಾಗುತ್ತದೆ. ಅವರಿಗೆ ಬೇಕಿದ್ದದ್ದು ಒಂದು ಒಳ್ಳೆ ಮಾಸ್ಕು, ಕೈಗವಸು, ಮತ್ತೆ ಎದುರಿಗಿರುವ ರೋಗ ಯಾವುದು ಅನ್ನೋ ಮಾಹಿತಿ.

ಆಗ ಬಾವಲಿ ಪರೀಕ್ಷೆ ಮಾಡಿ ಏನೂ ಸಿಗಲಿಲ್ಲ ಅಂದಿದ್ದರಲ್ಲ?

ಮೊದಲು ಪರೀಕ್ಷಿಸಿದ್ದು ಆ ಮನೆಯವರ ಬಾವಿಯಲ್ಲಿದ್ದ ಬಾವಲಿಗಳನ್ನು. ಅವು ಹುಳ ತಿನ್ನುವ ಸಣ್ಣ ಬಾವಲಿಗಳು. ನಿಪಾ ಹೊರುವುದು ಮುಖ್ಯವಾಗಿ ಹಣ್ಣು ತಿನ್ನುವ ದೊಡ್ಡ ಬಾವಲಿ. 'ಬಾವಲಿಯಲ್ಲಿ ನಿಪಾ ಇಲ್ಲ' ಅಂತ ಅಷ್ಟಕ್ಕೇ ಸುದ್ದಿ ಹಬ್ಬಿತು. ಆಮೇಲೆ ಅದೇ ಸುತ್ತಮುತ್ತಲ ಹಣ್ಣುಬಾವಲಿಗಳನ್ನು ಹಿಡಿದು ನೋಡಿದಾಗ ವೈರಸ್ ಸಿಕ್ಕಿತು. ಮೊದಲ ಸುದ್ದಿ ಓದಿದವರೆಲ್ಲ ಎರಡನೆಯದನ್ನು ಓದಲಿಲ್ಲ.

ಕರ್ನಾಟಕದಲ್ಲಿ ಈ ವೈರಸ್ ಇದೆಯಾ?

ಬಾವಲಿಗಳಲ್ಲಿ ಅದರ ಗುರುತು ಇದೆ. ಪುಣೆ ಸಂಸ್ಥೆ ದೇಶದ ಹಲವು ಕಡೆ ಬಾವಲಿಗಳನ್ನು ಪರೀಕ್ಷಿಸಿ, ಕೇರಳ, ಕರ್ನಾಟಕ, ತಮಿಳುನಾಡು, ಗೋವಾ, ಮಹಾರಾಷ್ಟ್ರ ಸೇರಿ ಹಲವು ರಾಜ್ಯಗಳಲ್ಲಿ ಗುರುತು ಕಂಡಿದೆ ಅಂತ 2023ರಲ್ಲಿ ಹೇಳಿತು. ಗುರುತು ಅಂದರೆ ಹೆಚ್ಚಾಗಿ ಆಂಟಿಬಾಡಿ, ಹಿಂದೆ ಯಾವಾಗಲೋ ಸೋಂಕು ಬಂದು ಹೋಗಿತ್ತು ಅನ್ನೋದಕ್ಕೆ ಸಾಕ್ಷಿ. ಮನುಷ್ಯರಲ್ಲಿ ಖಚಿತವಾದ ಪ್ರಕರಣಗಳು ಕೇರಳ ಮತ್ತು ಪಶ್ಚಿಮ ಬಂಗಾಳದವು.

ಆದರೆ ಗಡಿ ಅನ್ನೋದು ಬಾವಲಿಗೂ ಇಲ್ಲ, ಬಸ್ಸಿಗೂ ಇಲ್ಲ. ಅದಕ್ಕೇ ಕೇರಳದಲ್ಲಿ ಪ್ರಕರಣ ಬಂದಾಗಲೆಲ್ಲ ದಕ್ಷಿಣ ಕನ್ನಡ, ಕೊಡಗು, ಮೈಸೂರು, ಚಾಮರಾಜನಗರದಲ್ಲಿ ಜ್ವರದ ಮೇಲೆ ಕಣ್ಣಿಡುತ್ತಾರೆ. 2024ರ ಸೆಪ್ಟೆಂಬರ್‌ನಲ್ಲಿ ಮಲಪ್ಪುರಂನಲ್ಲಿ ತೀರಿಕೊಂಡ ಯುವಕ ಬೆಂಗಳೂರಿನಲ್ಲಿ ಓದುತ್ತಿದ್ದವರು.

ಬಾವಲಿ ಚೀಪಿದ ಅಡಿಕೆ ಹೆಕ್ಕಬಹುದಾ? ಹಣ್ಣು ತಿನ್ನಬಹುದಾ?

ಮಲೆನಾಡು, ಕರಾವಳಿಯವರ ಮೊದಲ ಪ್ರಶ್ನೆಯೇ ಇದು. ಹಣ್ಣಡಿಕೆಯ ಸಿಪ್ಪೆ ಚೀಪಿ ಬಾವಲಿ ಅಡಿಕೆಯನ್ನು ಕೆಳಗೆ ಹಾಕುತ್ತದೆ. ಬೆಳಗ್ಗೆ ಎದ್ದು ಬುಟ್ಟಿ ಹಿಡಿದು ಅದನ್ನು ಹೆಕ್ಕುವುದು ಮಕ್ಕಳ ಕೆಲಸ. ನಾನೂ ಹೆಕ್ಕಿದ್ದೇನೆ. ಇಬ್ಬನಿಗೆ ಒದ್ದೆಯಾಗಿರುತ್ತದೆ, ಹಲ್ಲಿನ ಗೆರೆ ಸಾಲು ಸಾಲಾಗಿ ಕಾಣುತ್ತದೆ. ಗೇರುಬೀಜದ್ದೂ ಅದೇ ಕಥೆ.

ಹೀಗೆ ಹೆಕ್ಕಿದ್ದಕ್ಕೇ ನಿಪಾ ಬಂತು ಅಂತ ಸಾಬೀತಾಗಿಲ್ಲ. ವೈರಸ್‌ಗೆ ಬಿಸಿಲು, ಒಣಹವೆ, ಸೋಪು ಯಾವುದೂ ಆಗಿಬರುವುದಿಲ್ಲ. ಆದರೂ ಎಂಜಲು ಹಸಿಯಾಗಿರುವ ಹೊತ್ತಿನಲ್ಲಿ ಮುಟ್ಟದಿರುವುದು ಮೇಲು. ಬಿಸಿಲು ಚೆನ್ನಾಗಿ ಏರಿದ ಮೇಲೆ ಹೆಕ್ಕಿ, ಕೈಗೆ ಗವಸು ಹಾಕಿ, ಆಮೇಲೆ ಸೋಪಿನಿಂದ ತೊಳೆಯಿರಿ. ಹಸಿ ಅಡಿಕೆ ಬಾಯಿಗೆ ಹಾಕಿಕೊಂಡು ಸುಲಿಯುವ ಅಭ್ಯಾಸ ಬಿಟ್ಟುಬಿಡಿ. ಹತ್ತಿರದಲ್ಲಿ ಎಲ್ಲಾದರೂ ನಿಪಾ ಇದೆ ಅಂತ ಸುದ್ದಿಯಿದ್ದರೆ ಆ ದಿನಗಳಲ್ಲಿ ಹೆಕ್ಕುವುದೇ ಬೇಡ.

ಅಂಗಡಿಯ ಹಣ್ಣನ್ನು ತೊಳೆದು, ಸಿಪ್ಪೆ ಸುಲಿದು ಧಾರಾಳವಾಗಿ ತಿನ್ನಿ. ಕಚ್ಚಿದ ಗುರುತಿರುವ ಹಣ್ಣನ್ನು ಎಸೆಯಿರಿ, ಆ ಭಾಗ ಕತ್ತರಿಸಿ ಉಳಿದಿದ್ದನ್ನು ತಿನ್ನಬೇಡಿ. ದನಕ್ಕೆ, ಹಂದಿಗೆ ಹಾಕುವುದೂ ಬೇಡ. ನೀರಾ, ಶೇಂದಿ ಇಳಿಸುವವರು ಮಡಕೆಯ ಬಾಯಿ ಮುಚ್ಚಿ.

ಲಕ್ಷಣಗಳೇನು?

ಜ್ವರ, ತಲೆನೋವು, ಮೈಕೈ ನೋವು, ವಾಂತಿ. ಕೆಲವರಿಗೆ ಕೆಮ್ಮು, ಉಸಿರಾಟದ ತೊಂದರೆ. ಆಮೇಲೆ ಮಂಪರು, ಗೊಂದಲದ ಮಾತು, ಫಿಟ್ಸ್. ಸಾಮಾನ್ಯವಾಗಿ ಸೋಂಕು ತಗುಲಿದ 4ರಿಂದ 14 ದಿನದೊಳಗೆ ಕಾಣುತ್ತದೆ. ಸಾಯುವವರ ಪ್ರಮಾಣ 40ರಿಂದ 75 ಶೇಕಡ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬದುಕಿದ ಕೆಲವರಿಗೆ ತಿಂಗಳು, ವರ್ಷಗಳ ಮೇಲೆ ಮೆದುಳಿನ ಉರಿಯೂತ ಮರುಕಳಿಸಿದ್ದೂ ಇದೆ.

ಜ್ವರ ಬಂದ ಕೂಡಲೇ ನಿಪಾ ಅಂದುಕೊಳ್ಳಬೇಡಿ. ನಮ್ಮಲ್ಲಿ ಡೆಂಗಿ, ಇಲಿಜ್ವರ ಎಷ್ಟೋ ಪಾಲು ಜಾಸ್ತಿ. ನಿಪಾ ಬಂದ ಊರಿಗೆ ಹೋಗಿದ್ದರೆ, ಅಂಥ ರೋಗಿಯ ಹತ್ತಿರ ಇದ್ದಿದ್ದರೆ, ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಅವರು ತಾವಾಗಿ ಕೇಳದಿದ್ದರೂ ಹೇಳಿ.

ಔಷಧ, ಲಸಿಕೆ ಇದೆಯಾ?

ಮನುಷ್ಯರಿಗೆ ಒಪ್ಪಿಗೆ ಪಡೆದ ಲಸಿಕೆ ಇನ್ನೂ ಇಲ್ಲ. ಕುದುರೆಗೆ 2012ರಿಂದಲೇ ಇದೆ, ಹೆಂಡ್ರಾ ವಿರುದ್ಧ. ಕುದುರೆಗೆ ಹಾಕಿದರೆ ಕುದುರೆಯೂ ಉಳಿಯುತ್ತದೆ, ಅದನ್ನು ನೋಡಿಕೊಳ್ಳುವವನೂ ಉಳಿಯುತ್ತಾನೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ನಿಪಾ ಲಸಿಕೆಯನ್ನು ಮನುಷ್ಯರ ಮೇಲೆ ಪರೀಕ್ಷಿಸಲು 2024ರ ಜನವರಿಯಲ್ಲಿ ಶುರು ಮಾಡಿತು. ಚಿಕಿತ್ಸೆಗೆ ಎಂ 102.4 ಅನ್ನೋ ಆಂಟಿಬಾಡಿ ಇದೆ. ಇನ್ನೂ ಪರೀಕ್ಷೆಯ ಹಂತದ್ದು, 2018ರಲ್ಲಿ ಆಸ್ಟ್ರೇಲಿಯಾದಿಂದ ಕೇರಳಕ್ಕೆ ತರಿಸಿದ್ದರು. ಬೇಗ ಗುರುತಿಸಿ, ಉಸಿರಾಟಕ್ಕೆ, ಮೆದುಳಿನ ಊತಕ್ಕೆ ಸರಿಯಾದ ಆರೈಕೆ ಕೊಟ್ಟರೆ ಬದುಕುವ ಸಾಧ್ಯತೆ ಹೆಚ್ಚುತ್ತದೆ. 2023ರಲ್ಲಿ ಕೋಳಿಕ್ಕೋಡಿನ 6 ಜನರಲ್ಲಿ 4 ಜನ ಬದುಕಿದರು.

ಕೊರೋನಾ ಥರ ಊರೆಲ್ಲ ಹರಡುತ್ತದಾ?

ಇದುವರೆಗಿನ ನಿಪಾ ಹಾಗೆ ಹರಡಿಲ್ಲ. ಬಾಂಗ್ಲಾದೇಶದಲ್ಲಿ 2001ರಿಂದ 2014ರವರೆಗಿನ 248 ಪ್ರಕರಣಗಳನ್ನು ಕೂತು ಲೆಕ್ಕ ಹಾಕಿದ್ದಾರೆ. ಮನುಷ್ಯರಿಂದ ಮನುಷ್ಯರಿಗೆ ಹತ್ತಿದ್ದು 82. ಹೆಚ್ಚಿನ ರೋಗಿಗಳು ಯಾರಿಗೂ ಹರಡಲಿಲ್ಲ. ಹರಡಿದವರು ಕೆಮ್ಮು, ಉಸಿರಾಟದ ತೊಂದರೆ ಇದ್ದವರು. ಹತ್ತಿಸಿಕೊಂಡವರು ಹಾಸಿಗೆ ಪಕ್ಕ ಕೂತು ಬಾಯಿ ಒರೆಸಿ, ಮೈ ಒರೆಸಿ ನೋಡಿಕೊಂಡ ಹೆಂಡತಿ, ತಾಯಿ, ಮಕ್ಕಳು. ಪ್ರೀತಿ ಮಾಡಿದವರಿಗೇ ತಗುಲುವ ರೋಗ ಇದು. ಆರೈಕೆ ಮಾಡಬೇಡಿ ಅಂತ ಯಾರಿಗೂ ಹೇಳಲಾಗುವುದಿಲ್ಲ. ಮಾಸ್ಕು, ಗವಸು ಹಾಕಿ ಮಾಡಿ ಅನ್ನಬಹುದು.

ಹಾಗಾದರೆ ಆ ಮರ ಕಡಿಸಿದರೆ ಏನು ತಪ್ಪು?

ಕಡಿಸಿದರೆ ಬಾವಲಿಗಳು ಇಲ್ಲವಾಗುವುದಿಲ್ಲ, ಚೆದುರುತ್ತವೆ. ಒಂದು ಮರದಲ್ಲಿದ್ದವು ಹತ್ತು ಮನೆಯ ಹಿತ್ತಿಲಿಗೆ ಬರುತ್ತವೆ. ಆಸ್ಟ್ರೇಲಿಯಾದಲ್ಲಿ 25 ವರ್ಷಗಳ ಲೆಕ್ಕ ಇಟ್ಟು ನೋಡಿದ ಒಂದು ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಅಲ್ಲಿ ಚಳಿಗಾಲದಲ್ಲಿ ಹೂ ಬಿಡುವ ನೀಲಗಿರಿ ಜಾತಿಯ ಕಾಡು ಬಾವಲಿಯ ಊಟದ ಮನೆ. ಕಾಡು ಕಡಿದ ಮೇಲೆ ಹಸಿದ ಬಾವಲಿಗಳು ಸಣ್ಣ ಸಣ್ಣ ಗುಂಪಾಗಿ ಊರಿಗೆ, ಕುದುರೆ ಮೇಯುವ ಜಾಗಕ್ಕೆ ಬಂದು ನೆಲೆಸಿದವು. ಹೆಂಡ್ರಾ ಕುದುರೆಗೆ ದಾಟಿದ್ದು ಅಂಥ ಬರಗಾಲದ ಬೆನ್ನಿಗೇ. ಉಳಿದ ಕಾಡಿನಲ್ಲಿ ಚಳಿಗಾಲದ ಹೂ ತುಂಬಿ ಅರಳಿದ ವರ್ಷ ಬಾವಲಿಗಳು ಅಲ್ಲಿಗೆ ಹೋದವು, ರೋಗ ದಾಟಲಿಲ್ಲ. ಹೊಟ್ಟೆ ತುಂಬಿದ ಬಾವಲಿ ನಮ್ಮ ತಂಟೆಗೆ ಬರುವುದಿಲ್ಲ ಅಂತ ಇದನ್ನು ಓದಿದಾಗಿನಿಂದ ನಾನು ಎಲ್ಲರಿಗೂ ಹೇಳುತ್ತಿದ್ದೇನೆ.

ಪಟಾಕಿ ಹೊಡೆದು ಓಡಿಸುವುದೂ ಬೇಡ. ಗಾಬರಿಯಾದ ಬಾವಲಿ ಮೊದಲು ಮಾಡುವುದೇ ಮೂತ್ರ, ಅದೂ ಕೆಳಗೆ ನಿಂತವರ ತಲೆ ಮೇಲೆ.

ಮತ್ತೆ ಆ ಬಾವಲಿಗೆ ವರ್ಷಕ್ಕೆ ಒಂದೇ ಮರಿ. ತಾಯಿ ಅದನ್ನು ಎದೆಗೆ ಅಪ್ಪಿಕೊಂಡೇ ಹಾರುತ್ತದೆ. ಹಿಪ್ಪೆ, ಬೂರುಗದ ಹೂವಿಗೆ ಪರಾಗ ತರುವುದು, ಆಲ, ಅತ್ತಿ, ನೇರಳೆಯ ಬೀಜವನ್ನು ದೂರ ಒಯ್ದು ಬಿತ್ತುವುದು ಅದೇ. ನಮ್ಮ ಕಾನೂನು ಬಹಳ ಕಾಲ ಹಣ್ಣುಬಾವಲಿಯನ್ನು ಇಲಿ, ಕಾಗೆಯ ಜತೆ ಉಪದ್ರವದ ಪ್ರಾಣಿಗಳ ಪಟ್ಟಿಯಲ್ಲಿ ಇಟ್ಟಿತ್ತು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದರು. ಕೋಲಾರದ ಹನುಮನಹಳ್ಳಿಯ ಗುಹೆಯಲ್ಲಿ ಮಾತ್ರ ಉಳಿದಿರುವ ಒಂದು ಜಾತಿಯ ಪುಟ್ಟ ಬಾವಲಿ ಅಳಿವಿನ ಅಂಚಿನಲ್ಲಿದೆ. ಅದು ಹುಳ ತಿನ್ನುವ ಜೀವಿ. ನಿಪಾ ಹೆದರಿಕೆಗೆ ಅಂಥದ್ದರ ಗುಹೆಗೆ ಹೊಗೆ ಹಾಕಿದರೆ ಒಂದು ಜಾತಿಯೇ ಭೂಮಿಯಿಂದ ಹೋಗುತ್ತದೆ.

ಮಂಗನ ಕಾಯಿಲೆಯೂ ಇದೇ ಗುಂಪಿನದಾ?

ಅಲ್ಲ. ಅದು ಉಣ್ಣೆ ಹುಳದಿಂದ ಹರಡುವ ಬೇರೆ ವೈರಸ್. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನ ಕಾಡಿನಲ್ಲಿ ಸಿಕ್ಕಿದ್ದು.

ಬಿದ್ದ ಬಾವಲಿ ಮರಿ, ಸತ್ತ ಬಾವಲಿ ಸಿಕ್ಕರೆ ಏನು ಮಾಡೋದು?

ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳನ್ನೂ ನಾಯಿಯನ್ನೂ ದೂರ ಇಡಿ. ಜೀವ ಇದ್ದರೆ ಮೇಲೆ ಬುಟ್ಟಿ ಬೋರಲು ಹಾಕಿ ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿ. ಸತ್ತಿದ್ದರೆ ಗವಸು, ಮಾಸ್ಕು ಹಾಕಿ ಸಲಿಕೆಯಿಂದ ಎತ್ತಿ ಆಳವಾಗಿ ಹೂಳಿ, ಸಲಿಕೆಯನ್ನು ಬ್ಲೀಚಿಂಗ್ ನೀರಿನಿಂದ ತೊಳೆಯಿರಿ. ಒಂದೇ ಕಡೆ ತುಂಬ ಸತ್ತಿದ್ದರೆ ಹೂಳುವ ಮೊದಲು ಪಶು ಆಸ್ಪತ್ರೆಗೆ ತಿಳಿಸಿ, ಅವರು ಮಾದರಿ ತೆಗೆಯಬೇಕಾಗಬಹುದು. ಬಾವಲಿ ಕಚ್ಚಿದರೆ, ಪರಚಿದರೆ ಗಾಯವನ್ನು 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ರೇಬಿಸ್ ಲಸಿಕೆ ಬೇಕಾ ಅಂತ ಅವರೇ ನೋಡಿ ಹೇಳುತ್ತಾರೆ.